ಕಚೇರಿ ನಡೆಯಲಿ, ಎಣ್ಣೂರಿನ ಲೆಕ್ಕವೂ ಸಿಗಲಿ

ಡಿಸೆಂಬರಿನಲ್ಲಿ ಚೆನ್ನೈಗೆ ನೆರೆ ಬಂದರೆ ಹಳೆಯ ಜಗಳ ಮತ್ತೆ ಶುರುವಾಗುತ್ತದೆ: ತಮಿಳಿನ ಮಾರ್ಗಳಿ ಮಾಸದ ಸಂಗೀತೋತ್ಸವ ನಡೆಯಬೇಕೋ ಬೇಡವೋ? 2015ರಲ್ಲಿ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಕೋಟ್ಟೂರುಪುರಂ ಮುಳುಗಿದಾಗ ಈ ವರ್ಷ ಹಾಡುವುದೇ ಬೇಡ ಎಂದವರಿದ್ದರು. ಸಂಭಾವನೆಯನ್ನು ಪರಿಹಾರಕ್ಕೆ ಕೊಟ್ಟು ಹಾಡಿದವರೂ ಇದ್ದರು.

ಕಚೇರಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಹೆಸರಾಂತ ಗಾಯಕರು ಒಂದು ಸೀಸನ್ ಕೈತಪ್ಪಿದರೂ ಬದುಕಿಕೊಳ್ಳುತ್ತಾರೆ. ಮಧ್ಯಾಹ್ನದ ಕಚೇರಿಗೆ ಮೃದಂಗ ನುಡಿಸುವ ಹುಡುಗ, ಮೈಕಿನವರು, ಕಚೇರಿ ನಡೆಸುವ ಸಂಗೀತ ಸಭೆಗಳ ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವವರು, ಮೈಲಾಪುರದಲ್ಲಿ ಹೂ ಕಟ್ಟುವವರು ಏನು ಮಾಡಬೇಕು? ನೀರು ನುಗ್ಗಿದ ಮನೆಗಳಲ್ಲಿ ಅವರ ಮನೆಯೂ ಇರುತ್ತದೆ. ದುಡಿಮೆಯ ತಿಂಗಳನ್ನೂ ಕಿತ್ತುಕೊಂಡು ಅದನ್ನು ಅನುಕಂಪ ಎನ್ನುವುದು ಕ್ರೂರ.

ನನ್ನ ತಕರಾರು, ಉತ್ಸವದ ದೀಪ ಬೆಳಗಿದ ಮರುದಿನದಿಂದ ಹರಡುವ ಮಾತಿನ ಬಗ್ಗೆ: ನಗರ ಚೇತರಿಸಿಕೊಂಡಿತಂತೆ. ಯಾವ ನಗರ?

2023ರ ಡಿಸೆಂಬರ್ 4ರ ಸುಮಾರಿಗೆ ಮಿಚಾಂಗ್ ಚಂಡಮಾರುತದ ಮಳೆ ಸುರಿಯಿತು. ನಗರದ ಉತ್ತರ ಭಾಗದ ಮಣಲಿಯ ತೈಲ ಸಂಸ್ಕರಣಾಗಾರದ ಕಡೆಯಿಂದ ಎಣ್ಣೆ ನೆರೆನೀರಿನ ಜೊತೆ ಬಕಿಂಗ್‌ಹ್ಯಾಮ್ ಕಾಲುವೆ ಹಿಡಿದು ಎಣ್ಣೂರಿನ ಅಳಿವೆಗೆ ಇಳಿಯಿತು. ಮ್ಯೂಸಿಕ್ ಅಕಾಡೆಮಿಯಲ್ಲಿ ಉತ್ಸವ ಉದ್ಘಾಟನೆಯಾಗುತ್ತಿದ್ದ ದಿನಗಳಲ್ಲೇ ಎಣ್ಣೂರಿನ ಮೀನುಗಾರರು ದೋಣಿಯಲ್ಲಿ ಕೂತು ಆ ಕರಿ ಎಣ್ಣೆಯನ್ನು ಮಗ್ಗು, ಬಕೆಟ್ಟುಗಳಲ್ಲಿ ಮೊಗೆದು ಡ್ರಮ್ಮಿಗೆ ತುಂಬುತ್ತಿದ್ದರು. ಕೈಗವಸಿಲ್ಲದೆ ಎಷ್ಟೋ ಮಂದಿ ಅದಕ್ಕೆ ಕೈಯಿಟ್ಟರು. ಬಲೆ ಕರಿ, ದೋಣಿ ಕರಿ, ಹೆಜ್ಜಾರ್ಲೆಗಳ ರೆಕ್ಕೆಯೂ ಕರಿ. ಮೀನು ಹಿಡಿದರೂ ಕೊಳ್ಳುವವರಿರಲಿಲ್ಲ. ಇದೂ ಚೆನ್ನೈಯೇ.

ದಕ್ಷಿಣದ ತುದಿಯಲ್ಲಿ ಪೆರುಂಬಾಕ್ಕಂ ಇದೆ. 2015ರ ನೆರೆಯ ನಂತರ ನದಿದಂಡೆಯ ಬಡವರನ್ನು ಎಬ್ಬಿಸಿ ಅಲ್ಲಿನ ಬಹುಮಹಡಿ ವಸತಿಗಳಿಗೆ ಸಾಗಿಸಿದರು. ಅವರ ಸುರಕ್ಷತೆಗೇ ಎಂದು ಹೇಳಿದರು. ಅದು ಪಳ್ಳಿಕರಣೈ ಜೌಗಿನ ಆಸುಪಾಸಿನ ತಗ್ಗು ನೆಲ. 2023ರಲ್ಲಿ ಅಲ್ಲೂ ನೀರು ನಿಂತಿತು. ಇದಕ್ಕೆ ಪುನರ್ವಸತಿ ಎಂಬ ಹೆಸರು!

ಆ ಮಳೆಯ ನಂತರ ಸುಮಾರು 4,000 ಕೋಟಿ ರೂಪಾಯಿಯ ಮಳೆನೀರು ಚರಂಡಿ ಯೋಜನೆಯ ಬಗ್ಗೆ ಆಡಳಿತ, ವಿರೋಧ ಪಕ್ಷಗಳು ಕಚ್ಚಾಡಿದವು. 6,000 ರೂಪಾಯಿ ಪರಿಹಾರಕ್ಕಾಗಿ ಜನ ಪಡಿತರ ಅಂಗಡಿ ಮುಂದೆ ಸಾಲುಗಟ್ಟಿದರು. ಅಲ್ಲಿಗೆ ಚರ್ಚೆ ತಣ್ಣಗಾಯಿತು.

ಎಣ್ಣೂರಿನ ಸಂಕಟ ಗೊತ್ತಿರಲಿಲ್ಲ ಎಂದು ಸಂಗೀತಲೋಕ ಹೇಳುವಂತಿಲ್ಲ. ವಿದ್ಯುತ್ ಸ್ಥಾವರಗಳ ಹಾರುಬೂದಿ ಆ ಅಳಿವೆಯನ್ನು ಉಸಿರುಗಟ್ಟಿಸಿದ್ದನ್ನು ಗಾಯಕ ಟಿ.ಎಂ. ಕೃಷ್ಣ 2017ರಲ್ಲೇ ಆಡುಮಾತಿನ ತಮಿಳಿನಲ್ಲಿ, ಕರ್ನಾಟಕ ಸಂಗೀತದ ರಾಗಗಳಲ್ಲಿ ಹಾಡಿದ್ದರು. ಸಭೆಗಳು ಕಿವಿಗೊಡಬಹುದಿತ್ತು. ಅದೇ ವೇದಿಕೆಗಳಲ್ಲಿ ವರ್ಷವರ್ಷವೂ ನಮ್ಮ ಪುರಂದರದಾಸರ ಪದಗಳು ಮೊಳಗುತ್ತವೆ. ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡಿದವರ ಪದಗಳನ್ನು ಹಾಡುತ್ತಾ ಬೀದಿಯ ಪಾಡು ನಮಗೇಕೆ ಎನ್ನುವುದು ನನಗೆ ಸಹಿಸಲಾಗದ ಮಾತು.

ಸಭೆಗಳು ಕೈಲಾಗದವರ ಕೂಟವಲ್ಲ. ಅಲ್ಲಿ ದೀಪ ಹಚ್ಚಲು ಅಧಿಕಾರಸ್ಥರು ಬರುತ್ತಾರೆ, ಬ್ಯಾನರಿನಲ್ಲಿ ದೊಡ್ಡ ಕಂಪನಿಗಳ ಹೆಸರಿರುತ್ತದೆ. ಅವರನ್ನು ವೇದಿಕೆಯ ಮೇಲೇ ಕೇಳಲಿ: ಕಾಲುವೆಯ ಹೂಳು ಎಷ್ಟು ತೆಗೆದಿರಿ, ಬಲೆ ಕಳೆದುಕೊಂಡವರಿಗೆ ಏನು ಕೊಟ್ಟಿರಿ, ಪೆರುಂಬಾಕ್ಕಂಗೆ ಇನ್ನೂ ಎಷ್ಟು ಸಂಸಾರಗಳನ್ನು ಸಾಗಿಸುತ್ತೀರಿ? ಉತ್ತರ ಕೊಟ್ಟ ಮೇಲೆ ಅವರು ದೀಪ ಹಚ್ಚಲಿ.