ಪ್ಯಾಡ್ಲಿಂಗ್: ನೀರಾಟವೂ ಹೌದು, ಏಟೂ ಹೌದು

ಹೈಸ್ಕೂಲಿನ ಹುಡುಗಿಯೊಬ್ಬಳು ಒಂದೇ ವಾರದಲ್ಲಿ ಎರಡು ಇಂಗ್ಲಿಷ್ ಕಥೆಪುಸ್ತಕ ಓದಿದಳು ಎಂದಿಟ್ಟುಕೊಳ್ಳಿ. ಒಂದು ಇಂಗ್ಲೆಂಡಿನದು. ಅದರಲ್ಲಿ ರಜೆಗೆಂದು ಕಡಲತೀರಕ್ಕೆ ಹೋದ ಮಕ್ಕಳು ಮಧ್ಯಾಹ್ನವೆಲ್ಲ ‘ಪ್ಯಾಡ್ಲಿಂಗ್’ ಮಾಡಿ ನಗುನಗುತ್ತ ಮನೆಗೆ ಬರುತ್ತಾರೆ. ಇನ್ನೊಂದು ಅಮೆರಿಕದ್ದು. ಅದರಲ್ಲಿ ಹೆಡ್‌ಮಾಸ್ತರರ ಕೋಣೆಯಲ್ಲಿ ‘ಪ್ಯಾಡ್ಲಿಂಗ್’ ಆದ ಹುಡುಗ ಅಳುತ್ತ ಹೊರಗೆ ಬರುತ್ತಾನೆ. ಹುಡುಗಿ ನಿಘಂಟು ತೆಗೆದಳು. ಮೊದಲು ಕಣ್ಣಿಗೆ ಬಿದ್ದ ಅರ್ಥ ‘ದೋಣಿಗೆ ಹುಟ್ಟು ಹಾಕುವುದು’. ಆದರೆ ಮೊದಲ ಕಥೆಯಲ್ಲಿ ದೋಣಿ ಇರಲಿಲ್ಲ, ಎರಡನೆಯದರಲ್ಲಿ ನೀರೇ ಇರಲಿಲ್ಲ!

ಈ ಗೊಂದಲಕ್ಕೆ ಹುಡುಗಿ ಕಾರಣಳಲ್ಲ, ನಿಘಂಟೂ ಕಾರಣವಲ್ಲ. ಒಂದೇ ಕಾಗುಣಿತದಲ್ಲಿ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಮೊದಲನೆಯದು ದೋಣಿಯದು. ಪ್ಯಾಡಲ್ ಎಂದರೆ ತುದಿಯಲ್ಲಿ ಅಗಲವಾದ ಹಲಗೆಯಿರುವ ಕೋಲು, ನಮ್ಮ ‘ಹುಟ್ಟು’. ಹಳೆಯ ಇಂಗ್ಲಿಷಿನಲ್ಲಿ ಇದು ದೋಣಿಯ ಸಾಧನವೇ ಆಗಿರಲಿಲ್ಲ. ನೇಗಿಲಿಗೆ ಅಂಟಿದ ಮಣ್ಣನ್ನು ಕೆರೆದು ತೆಗೆಯುವ ಪುಟ್ಟ ಸನಿಕೆಗೆ ಆ ಹೆಸರಿತ್ತು. ಆಕಾರದ ಹೋಲಿಕೆಯಿಂದ ಅದು ಮುಂದೆ ಹುಟ್ಟಿಗೂ ಬಂತು. ಕನ್ನಡದಲ್ಲೂ ಹಾಗೆಯೇ ನಡೆದಿರುವುದು ಸ್ವಾರಸ್ಯದ ಸಂಗತಿ. ‘ಹುಟ್ಟು’ ಎಂದರೆ ದೋಣಿ ನಡೆಸುವ ಕೋಲು, ಅಡುಗೆಮನೆಯ ಮರದ ಸೌಟೂ ಹೌದು. ಇವೆರಡಕ್ಕೂ ಸಂಬಂಧವಿಲ್ಲದ ಜನನವೂ ‘ಹುಟ್ಟು’, ಜೇನಿನ ಗೂಡೂ ‘ಹುಟ್ಟು’. ಕನ್ನಡ ಕಲಿಯುವ ಪರದೇಶಿಯೊಬ್ಬ ‘ಸಂಘ ಹುಟ್ಟುಹಾಕಿದರು’ ಎಂಬ ವಾಕ್ಯ ಓದಿ ದೋಣಿ ಹುಡುಕಿದರೆ ಅವನನ್ನು ನೋಡಿ ನಗುವಂತಿಲ್ಲ.

ಪ್ಯಾಡಲ್ ಮತ್ತು ‘ಓರ್’ ಎರಡಕ್ಕೂ ನಾವು ಹುಟ್ಟು ಎಂದೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ವ್ಯತ್ಯಾಸವುಂಟು. ಓರ್ ದೋಣಿಯ ಅಂಚಿನ ಕೊಂಡಿಗೆ ಆತುಕೊಂಡಿರುತ್ತದೆ. ಅದನ್ನು ಎಳೆಯುವವನು ಸಾಮಾನ್ಯವಾಗಿ ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾನೆ. ಅದು ‘ರೋಯಿಂಗ್’. ಪ್ಯಾಡಲ್ ಯಾವುದಕ್ಕೂ ಕಟ್ಟಿರುವುದಿಲ್ಲ, ಪೂರ್ತಿ ಕೈಯಲ್ಲೇ ಇರುತ್ತದೆ. ಹಿಡಿದವನು ಮುಂದಕ್ಕೆ ನೋಡುತ್ತಾನೆ. ಅದು ‘ಪ್ಯಾಡ್ಲಿಂಗ್’. ಒಲಿಂಪಿಕ್ಸ್‌ನಲ್ಲಿಯೂ ಇವು ಬೇರೆ ಬೇರೆ ಸ್ಪರ್ಧೆಗಳು. ರೋಯಿಂಗ್ 1900ರಿಂದ ಇದೆ, ಪ್ಯಾಡಲ್ ಹಿಡಿಯುವ ಕೆನೂ ಮತ್ತು ಕಯಾಕ್ ಸ್ಪರ್ಧೆಗಳಿಗೆ ಪದಕ ಸಿಗತೊಡಗಿದ್ದು 1936ರ ಬರ್ಲಿನ್ ಕೂಟದಲ್ಲಿ. ಕೆನೂಗೆ ಒಂದು ಬದಿ ಹಲಗೆಯ ಹುಟ್ಟು, ಕಯಾಕ್‌ಗೆ ಎರಡೂ ಬದಿ ಹಲಗೆಯದು.

ಈ ಲೆಕ್ಕದಲ್ಲಿ ತುಂಗಭದ್ರೆಯ ಹರಿಗೋಲಿನವನು ಮಾಡುವುದು ಪ್ಯಾಡ್ಲಿಂಗ್. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವ ಹದ ತಪ್ಪಿದರೆ ನಿಂತಲ್ಲೇ ಗಿರಗಿರನೆ ತಿರುಗುತ್ತದೆ.

ಎರಡನೆಯದು ಕಾಲಿನದು. ಇಂಗ್ಲೆಂಡಿನಲ್ಲಿ ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ತೆಳುನೀರಿನಲ್ಲಿ ಕಾಲಾಡಿಸುತ್ತ ನಡೆಯುವುದಕ್ಕೆ ಪ್ಯಾಡ್ಲಿಂಗ್ ಎನ್ನುತ್ತಾರೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಅಲೆ ಬಂದಾಗ ಮಕ್ಕಳು ಕಿರುಚುತ್ತ ಮಾಡುವುದು ಇದನ್ನೇ. ಇದು ಈಜಲ್ಲ. ದೊಡ್ಡ ಇಂಗ್ಲಿಷ್ ನಿಘಂಟುಗಳು ಈ ಪದವನ್ನು ದೋಣಿಯ ಪ್ಯಾಡಲ್‌ನಿಂದ ಬೇರೆಯಾಗಿಯೇ ಕೊಡುತ್ತವೆ. ಅಮೆರಿಕದವರು ಇದಕ್ಕೆ ‘ವೇಡಿಂಗ್’ ಎನ್ನುತ್ತಾರೆ. ಇನ್ನು ‘ಡಾಗ್ ಪ್ಯಾಡಲ್’ ಎಂದರೆ, ಹೊಸದಾಗಿ ಬಾವಿಗೆ ಇಳಿದ ಹುಡುಗರು ತಲೆ ಎತ್ತಿಕೊಂಡು ಕೈಕಾಲು ಬಡಿಯುವ ನಾಯಿ ಈಜು.

ಇಲ್ಲಿ ಒಂದು ಎಚ್ಚರಿಕೆ. ಸೈಕಲ್ಲಿನ ‘ಪೆಡಲ್’ ಬೇರೆ ಪದ. ಅದರ ಮೂಲದಲ್ಲಿರುವುದು ಪಾದ ಎಂಬರ್ಥದ ಲ್ಯಾಟಿನ್ ಶಬ್ದ. ಕೆರೆಯಲ್ಲಿ ಕಾಲಿನಿಂದ ತುಳಿದು ನಡೆಸುವ ದೋಣಿ ಪೆಡಲ್ ಬೋಟ್. ‘ಪಿ’ ಅಕ್ಷರದ ನಂತರ ‘ಎ’ ಬಂದು ಎರಡು ‘ಡಿ’ ಇದ್ದರೆ ಹುಟ್ಟು, ‘ಇ’ ಬಂದು ಒಂದೇ ‘ಡಿ’ ಇದ್ದರೆ ತುಳಿಗೆ ಎಂದು ನೆನಪಿಡಬಹುದು. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಬರುವ ‘ಪೆಡ್ಲಿಂಗ್’ ಮೂರನೆಯ ಪದ, ತಿರುಗಾಡಿ ಮಾರುವುದು ಎಂದರ್ಥ.

ಈಗ ಅಳುತ್ತ ಹೊರಬಂದ ಹುಡುಗನ ವಿಷಯ. ಅಮೆರಿಕದಲ್ಲಿ ಟೇಬಲ್ ಟೆನಿಸ್ ಬ್ಯಾಟಿಗೂ ಪ್ಯಾಡಲ್ ಎನ್ನುತ್ತಾರೆ. ಅಂಥದೇ ಚಪ್ಪಟೆ ಹಲಗೆಯಿಂದ ವಿದ್ಯಾರ್ಥಿಯ ಕುಂಡಿಗೆ ಬಾರಿಸುವ ಶಿಕ್ಷೆಗೆ ಅಲ್ಲಿ ಪ್ಯಾಡ್ಲಿಂಗ್ ಎಂದು ಹೆಸರು. ಒಂದೊಂದು ಏಟಿಗೆ ‘ಲಿಕ್’ ಎನ್ನುವುದೂ ಉಂಟು. ನೆಕ್ಕುವುದಕ್ಕೂ ಅದೇ ಮಾತು! ಕೇಳಿದವರಿಗೆ ಆಟವೋ ಏನೋ ಎನಿಸಬೇಕು.

ಆಟವಲ್ಲ ಎಂಬುದಕ್ಕೆ ನ್ಯಾಯಾಲಯದ ಕಡತವೇ ಸಾಕ್ಷಿ. 1970ರ ಅಕ್ಟೋಬರಿನಲ್ಲಿ ಫ್ಲಾರಿಡಾ ರಾಜ್ಯದ ಶಾಲೆಯೊಂದರಲ್ಲಿ, ಉಪಾಧ್ಯಾಯರ ಮಾತಿಗೆ ತಡವಾಗಿ ಓಗೊಟ್ಟನೆಂದು ಒಬ್ಬ ಹುಡುಗನಿಗೆ 20ಕ್ಕೂ ಹೆಚ್ಚು ಏಟು ಬಿದ್ದವು. ಆ ಹಲಗೆ ಎರಡು ಅಡಿಗಿಂತ ತುಸು ಕಡಿಮೆ ಉದ್ದ, ಅರ್ಧ ಅಂಗುಲ ದಪ್ಪ. ಪೆಟ್ಟು ಬಿದ್ದಲ್ಲಿ ರಕ್ತ ಹೆಪ್ಪುಗಟ್ಟಿ, ಹುಡುಗ ಎಷ್ಟೋ ದಿನ ಶಾಲೆಗೆ ಹೋಗಲಾಗಲಿಲ್ಲ. ‘ಇಂಗ್ರಹಾಂ ವಿರುದ್ಧ ರೈಟ್’ ಎಂಬ ಈ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1977ರಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂತು. ಕ್ರೂರ ಶಿಕ್ಷೆ ಕೂಡದೆಂಬ ಸಂವಿಧಾನದ ಮಾತು ಅಪರಾಧಿಗಳನ್ನು ಕುರಿತದ್ದು, ಶಾಲೆಯ ಶಿಸ್ತಿಗೆ ಅನ್ವಯಿಸದು ಎಂದು ಬಹುಮತ ಹೇಳಿತು. ಅಪರಾಧಿಗೇ ಕೊಡಬಾರದ ಶಿಕ್ಷೆಯನ್ನು ಮಗುವಿಗೆ ಕೊಡಬಹುದೇ ಎಂಬುದು ಭಿನ್ನಮತದವರ ವಾದದ ತಿರುಳು. ನ್ಯೂಜೆರ್ಸಿ ರಾಜ್ಯ 1867ರಲ್ಲಿಯೇ ಶಾಲೆಗಳಲ್ಲಿ ಹೊಡೆಯುವುದನ್ನು ನಿಷೇಧಿಸಿತ್ತು. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಕಾನೂನು ಇಂದಿಗೂ ಅದಕ್ಕೆ ಅವಕಾಶ ಕೊಡುತ್ತದೆ.

ಇಂಗ್ಲೆಂಡಿನ ಶಾಲೆಗಳಲ್ಲೂ ಏಟಿತ್ತು, ಆದರೆ ಅಲ್ಲಿ ಬೆತ್ತದ ಹೆಸರು ಹೇಳಿ ‘ಕೇನಿಂಗ್’ ಎನ್ನುತ್ತಿದ್ದರು. ಸರ್ಕಾರಿ ಶಾಲೆಗಳಲ್ಲಿ ಅದು 1987ರಲ್ಲಿ ನಿಂತಿತು. ಹೀಗಾಗಿ ಇಂಗ್ಲೆಂಡಿನವರಿಗೆ ಪ್ಯಾಡ್ಲಿಂಗ್ ಎಂದೊಡನೆ ನೆನಪಾಗುವುದು ನೀರು.

ಏಟಿಗೆ ಚೆಂದದ ಹೆಸರಿಡುವುದರಲ್ಲಿ ಕನ್ನಡವೂ ಹಿಂದೆ ಬಿದ್ದಿಲ್ಲ. ‘ಕಜ್ಜಾಯ ಕೊಟ್ಟರು’, ‘ಪೂಜೆ ಆಯಿತು’, ‘ಬುದ್ಧಿ ಕಲಿಸಿದರು’ ಎನ್ನುತ್ತೇವೆ. ಕಜ್ಜಾಯ ತಿನ್ನುವ ವಸ್ತು, ಪೂಜೆ ದೇವರಿಗೆ ಸಲ್ಲುವಂಥದು. ಶ್ರೀರಾಮನ ಬಿಲ್ಲಿಗೆ ಕೋದಂಡವೆಂದು ಹೆಸರು. ಹಿಂದಿನ ಕೂಲಿಮಠಗಳಲ್ಲಿ ಹುಡುಗರನ್ನು ತೊಲೆಯ ಹಗ್ಗಕ್ಕೆ ಜೋತುಬೀಳಿಸುವ ಶಿಕ್ಷೆಗೂ ಕೋದಂಡವೆಂದೇ ಹೆಸರಿತ್ತು. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಅಲ್ಲಿ ಕಜ್ಜಾಯವೂ ಇಲ್ಲ, ಪೂಜೆಯೂ ಇಲ್ಲ. ಕಾನೂನು ವಿಷಯವನ್ನು ಅದರ ಹೆಸರಿನಿಂದಲೇ ಕರೆದಿದೆ.

ವಿದ್ಯಾರ್ಥಿಗಳು ಅರ್ಥ ನಿರ್ಧರಿಸಲು ವ್ಯಾಕರಣವನ್ನೇ ಆಶ್ರಯಿಸಬಹುದು. ‘ವೆಂಟ್ ಪ್ಯಾಡ್ಲಿಂಗ್’ ಎಂದಿದ್ದರೆ ಹೋದವನು ತಾನೇ ಖುಷಿಯಿಂದ ಮಾಡಿದ ಕೆಲಸ, ನೀರಿನದು. ‘ಗಾಟ್ ಎ ಪ್ಯಾಡ್ಲಿಂಗ್’ ಅಥವಾ ‘ವಾಸ್ ಪ್ಯಾಡಲ್ಡ್’ ಎಂದಿದ್ದರೆ ಅವನಿಗೆ ಬೇರೆಯವರು ಮಾಡಿದ್ದು, ಏಟು. ‘ಪ್ಯಾಡಲ್ ಯುವರ್ ಓನ್ ಕೆನೂ’ ಎಂಬ ನುಡಿಗಟ್ಟು ಬಂದರೆ, ಇನ್ನೊಬ್ಬರ ಹಂಗಿಲ್ಲದೆ ನಿನ್ನ ಕಾಲ ಮೇಲೆ ನೀನು ನಿಲ್ಲು ಎಂದರ್ಥ.

ತಂದೆತಾಯಿಗಳಿಗೂ ಇದರಲ್ಲೊಂದು ಪಾಠವಿದೆ. ಶಾಲೆಯಿಂದ ಬಂದ ಮಗು ‘ಇವತ್ತು ಕ್ಲಾಸಿನಲ್ಲಿ ಪೂಜೆ ಆಯಿತು’ ಎಂದು ನಗುತ್ತ ಹೇಳಿದರೆ, ತಾವೂ ನಕ್ಕು ಸುಮ್ಮನಾಗುವ ಮೊದಲು, ಯಾರಿಗೆ, ಯಾತರಿಂದ, ಎಷ್ಟು ಎಂದು ಒಮ್ಮೆ ಕೇಳುವುದು ಒಳ್ಳೆಯದು.