ಬಾವುಟ ಹಿಡಿದ ಕೈ ತುತ್ತನ್ನೂ ನೀಡಲಿ!

ಕನ್ನಡದ ತರುಣರೇ,

ಮೆಜೆಸ್ಟಿಕ್ಕಿನ ಇಂಗ್ಲಿಷ್ ಬೋರ್ಡು ಕಂಡರೆ ಕೆಂಪಾಗುವ ನಿಮ್ಮ ಕಣ್ಣಿಗೆ, ಅಲ್ಲೇ ಗಂಟುಮೂಟೆ ಹೊತ್ತು ಇಳಿಯುವ ಮುದ್ದೇಬಿಹಾಳದ ಸಂಸಾರ ಬಿದ್ದಿದೆಯೇ? ಪಕ್ಕದಲ್ಲೇ ಕೃಷ್ಣೆ ಹರಿದರೂ, ಮಳೆ ಕೈಕೊಟ್ಟರೆ ಗುಳೆ ಹೊರಡುವ ಅಚ್ಚ ಕನ್ನಡಿಗರು ಅವರು!

2020ರ ಮೇ ತಿಂಗಳು ನೆನಪಿದೆಯೇ? ಲಾಕ್‌ಡೌನಿನಲ್ಲಿ ಕೂಲಿ ಕಳೆದುಕೊಂಡು ಊರಿಗೆ ಹೊರಟವರ ಹತ್ತಿರ ಸರ್ಕಾರ ಬಸ್ ಚಾರ್ಜು ಕೇಳಿತು! ಗಲಾಟೆಯಾದ ಮೇಲೆ ಪ್ರಯಾಣ ಉಚಿತವಾಯಿತು. ಅಲ್ಲಿಯವರೆಗೆ ಅವರ ಹೊಟ್ಟೆಗೆ ಹಾಕಿದವರು ಯಾರು? ಬೀದಿಯಲ್ಲಿ ಅನ್ನ ಬೇಯಿಸಿದ ಸಣ್ಣಪುಟ್ಟ ಸಂಘಗಳು, ಮಠಗಳು, ಮಸೀದಿಗಳು, ಗುರುದ್ವಾರಗಳು.

ಬಸವಣ್ಣ ಹುಟ್ಟಿದ ಬಾಗೇವಾಡಿ ಮುದ್ದೇಬಿಹಾಳದ ನೆರೆಯಲ್ಲೇ ಇದೆ. ಆ ನೆಲದಲ್ಲಿ ಇಂಥ ಕೆಲಸಕ್ಕೆ ಹೆಸರು ಭಿಕ್ಷೆಯಲ್ಲ, ದಾಸೋಹ! ವಚನಗಳನ್ನು ಹುಡುಕಿ ಉಳಿಸಿದ ಫ.ಗು. ಹಳಕಟ್ಟಿಯವರೇ 1912ರಲ್ಲಿ ಬಿಜಾಪುರದಲ್ಲಿ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ಭಾಷೆ ಬೇರೆ, ಬದುಕು ಬೇರೆ ಎನ್ನಲಿಲ್ಲ ಅವರು. ನೀವೇಕೆ ಎನ್ನಬೇಕು?

ಅನ್ನ ಒಂದು ಹೊತ್ತಿನದು. ಊರಿನ ರೇಷನ್ ಕಾರ್ಡಿಗೆ ಇಲ್ಲೂ ಅಕ್ಕಿ ಸಿಗುತ್ತದೆಂದು ಅವರಿಗೆ ಹೇಳುವವರಾರು? ಬ್ಯಾಂಕಿನ, ಆಸ್ಪತ್ರೆಯ ಇಂಗ್ಲಿಷ್ ಫಾರಂ ತುಂಬಿಕೊಡುವವರಾರು? ಮಗುವನ್ನು ಕನ್ನಡ ಶಾಲೆಗೆ ಸೇರಿಸುವವರಾರು? ಇದು ನಿಮ್ಮ ಕೆಲಸ!

ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಎತ್ತುವ ಚಂದಾದಲ್ಲಿ ಅರ್ಧ ಇದಕ್ಕಿಡಿ. ವಾರ್ಡಿಗೊಂದು ತಂಡ ಕಟ್ಟಿ. ವಾರಕ್ಕೊಂದು ಸಂಜೆ ಕೂಲಿಕಾರರ ಶೆಡ್ಡುಗಳತ್ತ ಹೆಜ್ಜೆ ಹಾಕಿ.

ಕನ್ನಡಿಗ ಹಸಿದು ಮಲಗಿದ ಊರಿನಲ್ಲಿ ಕನ್ನಡ ಗೆದ್ದಿತೆಂದು ಯಾವ ಬಾಯಲ್ಲಿ ಕೂಗುತ್ತೀರಿ?