ಡಿಕ್ಕಿ ಬಾಗಿಲಿಗೆ ಗೂಟ ಕೊಡೋದು ಬಿಡಿ, ಶಾಕರ್ ಬದಲಿಸಿ

ಬೆಳಗಿನ ಜಾವ ಯಾವುದಾದರೂ ತರಕಾರಿ ಮಾರುಕಟ್ಟೆಯ ಹಿಂಬದಿಗೆ ಹೋಗಿ ನೋಡಿ. ಹಳೇ ವ್ಯಾಗನ್ ಆರ್, ಸ್ಯಾಂಟ್ರೊ, ಸ್ವಿಫ್ಟ್, ಓಮ್ನಿಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ನಾಲ್ಕಾರಕ್ಕಾದರೂ ಹಿಂದಿನ ಬಾಗಿಲು ತಾನಾಗಿ ನಿಲ್ಲೋದಿಲ್ಲ. ಒಂದಕ್ಕೆ ನೀಲಗಿರಿ ಕೋಲು, ಇನ್ನೊಂದಕ್ಕೆ ಪಿವಿಸಿ ಪೈಪಿನ ತುಂಡು, ಮತ್ತೊಂದಕ್ಕೆ ಗುದ್ದಲಿಯ ಕಾವು. ಗೂಟ ಕೊಟ್ಟು, ಅದರ ಕೆಳಗೇ ಬಗ್ಗಿ ಕ್ರೇಟು ಎಳೆಯೋದು. ಯಾಕ್ರೀ ಹೀಗೆ ಅಂತ ಕೇಳಿದರೆ, "ಏನಾಗಲ್ಲ ಬಿಡಣ್ಣ, ಎರಡು ವರ್ಷದಿಂದ ಹೀಗೇ ನಡೀತಿದೆ" ಅಂತಾರೆ.

ಇದನ್ನ ನಾವು ರೈತರ ಜಾಣತನ ಅಂತ ಹೊಗಳಿಕೊಳ್ತೀವಿ. ನನಗೆ ಇದು ಬರೀ ಅಸಡ್ಡೆಯಾಗಿ ಕಾಣುತ್ತೆ. ಡ್ರಿಪ್ ಲ್ಯಾಟರಲ್ ಕಟ್ಟಿದರೆ ಅರ್ಧ ಗಂಟೆಯಲ್ಲಿ ಸರಿ ಮಾಡೋ ಹುಡುಗರು, ಪವರ್ ಸ್ಪ್ರೇಯರ್ ಬಿಚ್ಚಿ ವಾಷರ್ ಹಾಕೋ ಹುಡುಗರು, ಎರಡು ಕ್ಲಿಪ್ಪಿನ ಈ ಕೆಲಸವನ್ನ ವರ್ಷಗಟ್ಟಲೆ ಮುಂದಕ್ಕೆ ಹಾಕ್ತಾರೆ. ಬೇಸಾಯದ ಜಾಗದಲ್ಲಿ ಕಾರಿನ ಮಾತು ಯಾಕೆ ಅನ್ನಬೇಡಿ. ಬೆಳೆದದ್ದನ್ನ ನೇರವಾಗಿ ಗಿರಾಕಿಗೆ ಮುಟ್ಟಿಸೋ ನಮ್ಮಂಥವರಿಗೆ ಹಳೇ ಹ್ಯಾಚ್‌ಬ್ಯಾಕ್ ಕೂಡ ಒಂದು ಬೇಸಾಯದ ಉಪಕರಣವೇ. ಪಿಕಪ್ ತಗೊಂಡು ಕಂತು ಕಟ್ಟೋದಕ್ಕಿಂತ ಇರೋ ಕಾರನ್ನ ಸರಿಯಾಗಿ ಇಟ್ಟುಕೊಳ್ಳೋದು ಮೇಲು ಅನ್ನೋ ಪೈಕಿ ನಾನು.

ಗೂಟದ ತೊಂದರೆ ಏನು ಅಂದರೆ, ಅದನ್ನ ಕೊಟ್ಟವನಿಗೆ ಅದರ ಹುಷಾರಿ ಗೊತ್ತಿರುತ್ತೆ, ಉಳಿದವರಿಗೆ ಗೊತ್ತಿರಲ್ಲ. ಯಾವ ಕೋನದಲ್ಲಿ ನಿಲ್ಲುತ್ತೆ, ಎಲ್ಲಿ ತಾಗಿದರೆ ಜಾರುತ್ತೆ ಅನ್ನೋದು ನಿಮ್ಮ ಕೈಗೆ ರೂಢಿ. ಆದರೆ ಕ್ರೇಟು ಇಳಿಸೋಕೆ ಬರೋದು ಕೂಲಿಗೆ ಬಂದ ಅಕ್ಕ, ಅಥವಾ ವಯಸ್ಸಾದ ಅಪ್ಪ. ವಾರದ ಸಂತೆಯಲ್ಲಾದರೆ ಬದನೆಕಾಯಿ ಆರಿಸೋಕೆ ತಲೆ ಒಳಗೆ ಹಾಕೋ ಗಿರಾಕಿ, ಅವರ ಕೈ ಹಿಡಿದ ಮಗು. ಕೋಲಾರದ ಕಡೆಯ 15 ಕೆಜಿಯ ಟೊಮೆಟೊ ಕ್ರೇಟನ್ನ ಎಳೆಯುವಾಗ ಮೊಣಕೈ ಕೋಲಿಗೆ ತಾಗೋದು ದೊಡ್ಡ ವಿಷಯವೇನಲ್ಲ. ಕೋಲು ಜಾರಿದರೆ ಬಾಗಿಲು ಗಾಜಿನ ಸಮೇತ ಕೆಳಗೆ ಬರುತ್ತೆ, ಮತ್ತು ಅದರ ಕೆಳ ಅಂಚಿನಲ್ಲೇ ಕಬ್ಬಿಣದ ಲಾಕ್ ಇರುತ್ತೆ. ಬಗ್ಗಿದವರ ತಲೆಯ ಹಿಂಭಾಗವೋ ಕುತ್ತಿಗೆಯೋ ಸರಿಯಾಗಿ ಆ ಎತ್ತರಕ್ಕೇ ಇರುತ್ತೆ. ಹೊಲಿಗೆ ಹಾಕಿಸಿಕೊಳ್ಳೋ ಖರ್ಚು, ಹೋದ ದಿನಗೂಲಿ, ಬಾಡಿದ ಸೊಪ್ಪು ಎಲ್ಲ ಸೇರಿಸಿ ಲೆಕ್ಕ ಹಾಕಿ. ಆಮೇಲೆ ಶಾಕರ್ ದುಬಾರಿ ಅನ್ನಿ.

ಒಳಗೆ ಏನಿದೆ

ಅಂಗಡಿಯವರು ಡಿಕ್ಕಿ ಶಾಕರ್ ಅಂತಾರೆ. ಮಾರುತಿ ಬಿಡಿಭಾಗದ ಅಂಗಡಿಗೆ ಹೋದರೆ ಬ್ಯಾಕ್ ಡೋರ್ ಬ್ಯಾಲೆನ್ಸರ್ ಅನ್ನೋ ಹೆಸರೂ ಕೇಳಿಸುತ್ತೆ. ಎರಡೂ ಒಂದೇ. ಸೀಲ್ ಮಾಡಿದ ಉಕ್ಕಿನ ಕೊಳವೆ, ಒಳಗೆ ಭಾರಿ ಒತ್ತಡದಲ್ಲಿ ತುಂಬಿದ ಸಾರಜನಕ, ಜೊತೆಗೆ ಒಂಚೂರು ಎಣ್ಣೆ. ಕೊಳವೆಯಿಂದ ಹೊರಗೆ ಬರೋ ನುಣುಪಾದ ರಾಡನ್ನ ಗ್ಯಾಸ್ ಸದಾ ಹೊರಕ್ಕೆ ತಳ್ತಾ ಇರುತ್ತೆ. ರಾಡ್ ಹೊರಬರೋ ಬಾಯಿಯಲ್ಲಿ ರಬ್ಬರ್ ಸೀಲ್ ಇದೆ. ಶಾಕರಿನ ಆಯಸ್ಸೆಲ್ಲ ಆ ಸೀಲಿನ ಮೇಲೆ ನಿಂತಿದೆ.

ಕೊಳವೆಯ ಮೇಲೆ 300ಎನ್, 350ಎನ್ ಹೀಗೆ ಏನಾದರೂ ಬರೆದಿರುತ್ತೆ. ಎನ್ ಅಂದರೆ ನ್ಯೂಟನ್. 10 ನ್ಯೂಟನ್ ಅಂದರೆ ಸುಮಾರು 1 ಕೆಜಿ ಭಾರ ಎತ್ತೋ ಬಲ ಅಂತ ಇಟ್ಟುಕೊಳ್ಳಿ. ಹಾಗಾದರೆ 15 ಕೆಜಿಯ ಬಾಗಿಲಿಗೆ ಮೂವತ್ತು ಮೂವತ್ತು ಕೆಜಿ ಬಲದ ಎರಡು ಶಾಕರ್ ಯಾಕೆ? ತಾತನ ಕಾಲದ ಏತ ನೆನಪು ಮಾಡಿಕೊಳ್ಳಿ. ಭಾರ ದೂರದಲ್ಲಿದ್ದು, ಎತ್ತೋ ಬಲ ತಿರುಗೋ ಬಿಂದುವಿನ ಹತ್ತಿರ ಇದ್ದರೆ ಬಲ ಜಾಸ್ತಿ ಬೇಕು. ಬಾಗಿಲಿನ ಭಾರ ಹಿಂಜಿನಿಂದ 50 ಸೆಂ.ಮೀ. ದೂರದಲ್ಲಿದೆ, ಶಾಕರಿಗೆ ಸಿಗೋ ಹಿಡಿತ ಬರೀ 12 ಸೆಂ.ಮೀ. ಅಂದುಕೊಳ್ಳಿ. 15ನ್ನ 50ರಿಂದ ಗುಣಿಸಿ 12ರಿಂದ ಭಾಗಿಸಿದರೆ 62 ಕೆಜಿ ದಾಟುತ್ತೆ. ಇಬ್ಬರಿಗೆ ಹಂಚಿದರೆ ತಲಾ 31. ಒಂದು ಶಾಕರ್ ಸತ್ತ ದಿನ ಇನ್ನೊಂದರ ಮೇಲೆ ಏನು ಬೀಳುತ್ತೆ, ಬಾಗಿಲು ಯಾಕೆ ಒಂದು ಕಡೆ ವಾಲುತ್ತೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ಮಾತು. ಗ್ಯಾಸಿನ ಒತ್ತಡ ಚಳಿಗೆ ಇಳಿಯುತ್ತೆ. ಮಧ್ಯಾಹ್ನದ 32 ಡಿಗ್ರಿಯಿಂದ ಧನುರ್ಮಾಸದ ಬೆಳಗಿನ 12 ಡಿಗ್ರಿಗೆ ಬಂದರೆ ಶೇ. 6ಕ್ಕಿಂತ ಹೆಚ್ಚು ಬಲ ಕಡಿಮೆ. ಹೊಸ ಶಾಕರಿಗೆ ಅದು ಲೆಕ್ಕಕ್ಕಿಲ್ಲ. ಸವೆದ ಶಾಕರಿಗೆ ಅಷ್ಟೇ ಸಾಕು, ಬಾಗಿಲು ಮೆಲ್ಲಗೆ ಇಳಿಯೋಕೆ ಶುರುವಾಗುತ್ತೆ. "ಮನೆ ಹತ್ತಿರ ಮಧ್ಯಾಹ್ನ ಸರಿಯಾಗೇ ನಿಲ್ಲುತ್ತೆ, ಮಾರ್ಕೆಟ್ಟಲ್ಲಿ ಬೀಳುತ್ತೆ" ಅನ್ನೋರು ಇದ್ದಾರೆ. ಅದು ಭೂತ ಅಲ್ಲ, ಹವಾಮಾನ. ಬೆಳಗಿನ ಹೊತ್ತು ಇಳಿಯೋಕೆ ಶುರುವಾದಾಗಲೇ ಬದಲಿಸಿ, ಪೂರ್ತಿ ಸಾಯೋವರೆಗೆ ಕಾಯಬೇಡಿ. ರಾಡಿನ ಬಾಯಲ್ಲಿ ಎಣ್ಣೆಯ ಒದ್ದೆ, ಅದಕ್ಕಂಟಿದ ಕಪ್ಪು ಧೂಳು ಕಂಡರೂ ಅದೇ ಅರ್ಥ.

ನಮ್ಮ ಕೈಯಲ್ಲಿ ಬೇಗ ಯಾಕೆ ಸಾಯುತ್ತೆ

ಓಮ್ನಿ ತಯಾರಿಕೆ ನಿಂತಿದ್ದು 2019ರಲ್ಲಿ. ಮೊದಲ ಸ್ವಿಫ್ಟ್ ಬಂದಿದ್ದು 2005ರಲ್ಲಿ. ಅಂದರೆ ನಾವು ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋ ಗಾಡಿಗಳ ರಬ್ಬರಿಗೆಲ್ಲ ವಯಸ್ಸಾಗಿದೆ. ಶಾಕರ್ ಹೇಗೂ ಸವೆಯೋ ವಸ್ತು, ವೈಪರ್ ಬ್ಲೇಡಿನ ಹಾಗೆ. ಆದರೆ ಊರಿನ ಕಾರಲ್ಲಿ ಸಾವು ಬೇಗ ಬರೋದಕ್ಕೆ ಬೇರೆ ಕಾರಣಗಳೂ ಇವೆ. ರಾಡಿಗೆ ಕ್ರೇಟಿನ ಮೂಲೆಯೋ ಸಲಿಕೆಯೋ ತಾಗಿ ಒಂದು ಗೀರು ಬಿದ್ದರೆ, ಆ ಗೀರು ಪ್ರತಿ ಸಲ ಸೀಲನ್ನ ಕೆರೆಯುತ್ತೆ. ಗಂಜಲ, ಜೀವಾಮೃತ, ಮೀನಿನ ಕಷಾಯ ಇಂಥವನ್ನ ಡಿಕ್ಕಿಯಲ್ಲಿ ಸಾಗಿಸುವಾಗ ಚೆಲ್ಲಿದ್ದು ರಾಡಿಗೆ ತಾಗಿ ಒಣಗಿದರೆ ತುಕ್ಕಿನ ಚುಕ್ಕೆ ಏಳುತ್ತೆ, ಅದೂ ಸೀಲಿಗೆ ಉಪ್ಪುಕಾಗದವೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಗ್ರೀಸ್ ಹಚ್ಚಬೇಡಿ. ಗ್ರೀಸಿಗೆ ಧೂಳು ಅಂಟುತ್ತೆ, ಧೂಳು ಸೀಲಿನೊಳಗೆ ಹೋಗುತ್ತೆ.

ಎಲ್ಲಕ್ಕಿಂತ ಕೆಟ್ಟದ್ದು ಬಾಳೆಗೊನೆ, ಸಸಿ, ಮೇವು ತುಂಬಿ ಬಾಗಿಲು ಅರ್ಧ ತೆರೆದೇ ಹಗ್ಗ ಕಟ್ಟಿ ಓಡಿಸೋದು. ಹಳ್ಳ ದಿಣ್ಣೆಗೆ ಬಾಗಿಲು ಕುಣಿದಾಗಲೆಲ್ಲ ಶಾಕರಿಗೆ ಅಡ್ಡ ಹೊಡೆತ ಬೀಳುತ್ತೆ. ಶಾಕರ್ ಹೋದರೆ ಹೋಯ್ತು ಬಿಡಿ. ಹಿಂದಿನ ಬಾಗಿಲು ತೆರೆದು ಓಡಿಸಿದರೆ ಗಾಡಿಯ ಹಿಂದೆ ಸುಳಿಯೋ ಗಾಳಿ ಸೈಲೆನ್ಸರಿನ ಹೊಗೆಯನ್ನ ಒಳಕ್ಕೆ ಎಳೆದು ತರುತ್ತೆ. ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು, ತೂಕಡಿಕೆ ಬರುತ್ತೆ, ನಾವು ನಿದ್ದೆಗೆಟ್ಟಿದ್ದಕ್ಕೆ ಅಂದುಕೊಳ್ತೀವಿ. ಉದ್ದದ ಸಾಮಾನಿದ್ದರೆ ಮೇಲೆ ಕ್ಯಾರಿಯರ್ ಇದೆ, ಬಾಡಿಗೆ ಆಟೋ ಇದೆ.

ಕೊಳ್ಳೋದು

ಕಾರಿನ ಹೆಸರು, ಮಾಡೆಲ್, ವರ್ಷ ಹೇಳಿದರೆ ತಾಲೂಕಿನ ಸ್ಪೇರ್ಸ್ ಅಂಗಡಿಯಲ್ಲೇ ಹೆಚ್ಚಿನವು ಸಿಗುತ್ತವೆ. ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ, ಫೋನಲ್ಲೂ ತರಿಸಬಹುದು. ಸಾಮಾನ್ಯ ಹಳೇ ಹ್ಯಾಚ್‌ಬ್ಯಾಕಿಗೆ ಜೋಡಿಯ ಬೆಲೆ ಸಾವಿರ, ಒಂದೂವರೆ ಸಾವಿರದ ಆಸುಪಾಸು. ಹೋಗೋ ಮುಂಚೆ ಹಳೆಯದರ ಮೇಲಿನ ಬರಹದ ಫೋಟೋ ತೆಗೆಯಿರಿ. ಬಾಗಿಲು ಪೂರ್ತಿ ತೆರೆದಾಗ ಒಂದು ತುದಿಯ ಗುಂಡಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಎಷ್ಟು ಉದ್ದ ಅಂತ ಅಳೆದಿಟ್ಟುಕೊಳ್ಳಿ. ಒಂದೇ ಕಾರಿನಲ್ಲೂ ಹಿಂದೆ ವೈಪರ್, ಸ್ಪಾಯ್ಲರ್ ಇರೋ ಮಾಡೆಲಿನ ಬಾಗಿಲು ಭಾರ ಜಾಸ್ತಿ, ಅದಕ್ಕೆ ನ್ಯೂಟನ್ ಬೇರೆ ಇರಬಹುದು.

ಅಂಗಡಿಯಲ್ಲಿ ಮೂರು ಮಾತು ಕೇಳಿಬರುತ್ತೆ, ಮೂರಕ್ಕೂ ಬೇಡ ಅನ್ನಿ. ಒಂದನ್ನ ಮಾತ್ರ ಬದಲಿಸಿ ಸಾಕು ಅಂತಾರೆ. ಹೊಸದು ಹಳೆಯದು ಜೊತೆ ಸೇರಿದರೆ ಬಾಗಿಲು ತಿರುಚಿಕೊಳ್ಳುತ್ತೆ, ಮತ್ತು ಅದೇ ದಿನ ಹುಟ್ಟಿದ ಇನ್ನೊಂದು ಶಾಕರ್ ಹಿಂದೆಯೇ ಹೋಗುತ್ತೆ. ಇನ್ನೂ ಸ್ಟ್ರಾಂಗ್ ಹಾಕಿಕೊಡ್ತೀನಿ ಅಂತಾರೆ. ಬೇಕಾದ್ದಕ್ಕಿಂತ ಬಲ ಜಾಸ್ತಿ ಆದರೆ ಬಾಗಿಲು ಒದ್ದ ಹಾಗೆ ಮೇಲೇಳುತ್ತೆ, ಮುಚ್ಚೋಕೆ ಇಬ್ಬರು ಬೇಕು, ಹಿಂಜಿನ ಮೇಲೆ ಎಳೆತ ಬೀಳುತ್ತೆ, ಮೊದಲೇ ತುಕ್ಕು ಹಿಡಿದ ತಗಡಾದರೆ ಬುಡ ಸಮೇತ ಕಿತ್ತು ಬರಬಹುದು. ಮೂರನೆಯದು, ಹಳೆಯದಕ್ಕೇ ಗ್ಯಾಸ್ ತುಂಬಿಸೋ ಮಾತು. ಗ್ಯಾಸ್ ಹೋಗಿದ್ದು ಸೀಲ್ ಸವೆದಿದ್ದಕ್ಕೆ. ಸೀಲ್ ಅದೇ ಇದ್ದರೆ ತುಂಬಿಸಿದ್ದು ಎಷ್ಟು ದಿನ? ತೂತಾದ ಡ್ರಮ್ಮಿಗೆ ನೀರು ತುಂಬಿದ ಹಾಗೆ. ಗುಜರಿಯಿಂದ ಬಿಚ್ಚಿ ತಂದ ಶಾಕರಿಗೂ ನನ್ನದು ಇದೇ ಮಾತು.

ಹಾಕೋದು

ಸಮತಟ್ಟು ಜಾಗ, ಗಾಳಿ ಇಲ್ಲದ ಹೊತ್ತು, ಜೊತೆಗೊಬ್ಬರು. ಡಿಕ್ಕಿ ಖಾಲಿ ಮಾಡಿ. ಬಾಗಿಲನ್ನ ಪೂರ್ತಿ ಮೇಲೆತ್ತಿ ಗಟ್ಟಿ ಮರದ ಗೂಟ ಕೊಡಿ, ಮೇಲಿನ ತುದಿಗೆ ಬಟ್ಟೆ ಸುತ್ತಿ. ಗೂಟಕ್ಕೆ ಇರೋ ಒಂದೇ ಮರ್ಯಾದಸ್ಥ ಕೆಲಸ ಇದು. ಅದರ ಜೊತೆಗೂ ಒಬ್ಬರು ಬಾಗಿಲನ್ನ ಕೈಯಲ್ಲಿ ಹಿಡಿದೇ ಇರಲಿ. ಒಂದು ಕಡೆಯದನ್ನ ಬಿಚ್ಚಿ ಹೊಸದು ಹಾಕಿದ ಮೇಲೇ ಇನ್ನೊಂದು ಕಡೆಗೆ ಹೋಗಿ. ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೆದಿಡಿ: ದಪ್ಪ ಕೊಳವೆ ಯಾವ ಕಡೆ, ತೆಳು ರಾಡ್ ಯಾವ ಕಡೆ. ಒಳಗಿನ ಆ ಒಂಚೂರು ಎಣ್ಣೆ ಸೀಲನ್ನ ಒದ್ದೆಯಾಗಿಡಬೇಕು ಅಂತಲೇ ಕಂಪನಿಯವರು ಅದನ್ನ ಲೆಕ್ಕ ಹಾಕಿ ಕೂರಿಸಿರ್ತಾರೆ. ತಲೆಕೆಳಗು ಹಾಕಿದರೂ ಬಾಗಿಲು ನಿಲ್ಲುತ್ತೆ, ಆದರೆ ಬಾಳಿಕೆ ಕಡಿಮೆ.

ತುದಿಯಲ್ಲಿ ಗುಂಡು, ಅದರ ಮೇಲೆ ಕೂತ ಬಟ್ಟಲು, ಬಟ್ಟಲಿನ ಹಿಂದೆ ಒಂದು ಸಣ್ಣ ತಂತಿ ಕ್ಲಿಪ್ ಇರುತ್ತೆ. ಚಪ್ಪಟೆ ಮೂತಿಯ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಕ್ಲಿಪ್ಪನ್ನ ಎರಡು ಮೂರು ಮಿಲಿಮೀಟರ್ ಎತ್ತಿ, ಪೂರ್ತಿ ಕೀಳಬೇಡಿ. ಶಾಕರನ್ನ ನಿಮ್ಮ ಕಡೆ ಎಳೆದರೆ ಗುಂಡಿನಿಂದ ಬಿಟ್ಟು ಬರುತ್ತೆ. ಕೆಲವು ಕಾರುಗಳಲ್ಲಿ ಕ್ಲಿಪ್ಪಿನ ಬದಲು ಬೋಲ್ಟ್ ಇರುತ್ತೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಸುತ್ತಿಗೆಯಲ್ಲಿ ಹೊಡೆದು ಬೋಲ್ಟ್ ಮುರಿದರೆ ಅರ್ಧ ಗಂಟೆಯ ಕೆಲಸ ವೆಲ್ಡಿಂಗ್ ಶಾಪಿನಲ್ಲಿ ಅರ್ಧ ದಿನ ಆಗುತ್ತೆ. ಗುಂಡನ್ನ ಒರೆಸಿ, ಅದಕ್ಕೆ ಮಾತ್ರ ಬೆರಳ ತುದಿಯಷ್ಟು ಗ್ರೀಸ್ ಹಚ್ಚಿ, ಹೊಸದನ್ನ ಟಕ್ ಅನ್ನೋವರೆಗೆ ಒತ್ತಿ. ಹೊಸ ಶಾಕರನ್ನ ಕೈಯಲ್ಲಿ ಒತ್ತಿ ಗಿಡ್ಡ ಮಾಡೋಕೆ ಆಗಲ್ಲ, ಪ್ರಯತ್ನನೂ ಬೇಡ. ಉದ್ದ ಹೊಂದದಿದ್ದರೆ ಬಾಗಿಲನ್ನೇ ಸ್ವಲ್ಪ ಮೇಲೆತ್ತಿಸಿ. ಕೂತ ಮೇಲೆ ಎಳೆದು ನೋಡಿ, ಬಿಟ್ಟು ಬರಬಾರದು. ಎರಡೂ ಆದ ಮೇಲೆ ಗೂಟ ತೆಗೆದು, ಮೊದಲ ಸಲ ನಿಧಾನವಾಗಿ ಮುಚ್ಚಿ, ಎಲ್ಲೂ ತಾಗ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಗುಂಡು ಕೂತಿರೋ ತಗಡೇ ಕೊಳೆತಿದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಡಿ. ಮೊದಲು ಆ ತಗಡಿನ ಕೆಲಸ ಆಗಲಿ, ಶಾಕರ್ ಆಮೇಲೆ.

ಬಿಚ್ಚಿದ ಹಳೇ ಶಾಕರ್ ಮನೆ ಮೂಲೆಯಲ್ಲಿ ಬಿದ್ದಿರುತ್ತೆ, ಕಬ್ಬಿಣ ತಾನೇ ಅಂತ ಯಾರಾದರೂ ತೂತು ಕೊರೆದು ಬೇರೆ ಏನಕ್ಕೋ ಬಳಸೋಕೆ ನೋಡ್ತಾರೆ, ಇಲ್ಲಾ ಕಸದ ಜೊತೆ ಬೆಂಕಿಗೆ ಎಸೀತಾರೆ. ಬಾಗಿಲು ಎತ್ತೋಕೆ ಆಗದಷ್ಟು ಸೋತಿದ್ದರೂ ಒಳಗೆ ಗ್ಯಾಸಿನ ಒತ್ತಡ ಉಳಿದೇ ಇರುತ್ತೆ. ಕತ್ತರಿಸಿದರೂ ಕಾಯಿಸಿದರೂ ಸಿಡಿಯುತ್ತೆ, ರಾಡ್ ಬಾಣದ ಹಾಗೆ ಹಾರುತ್ತೆ. ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಗುಜರಿಯವರಿಗೆ ಕೊಡುವಾಗ ಒಳಗೆ ಗ್ಯಾಸ್ ಇದೆ ಅಂತ ಬಾಯಿಬಿಟ್ಟು ಹೇಳಿ, ಅವರು ಕಟರ್ ಹಚ್ಚೋ ಮುಂಚೆ.